ಅಣ್ಣ ತಮ್ಮಂದಿರನ್ನು ಸ್ವಿಟ್ಜರ್ಲೆಂಡಿನಲ್ಲಿ ಬಿಟ್ಟು ಮುಂದೆ ಹೋದದ್ದು

ಪ್ಯಾರಿಸ್ಸಿನ ಕಬ್ಬಿಣದ ಗೋಪುರದ ಬುಡಕ್ಕೆ ನಾನು ಎಷ್ಟೋ ಸಲ ಹೋಗಿದ್ದೇನೆ. ಮೇಲೆ ಹತ್ತಿದ್ದು ಒಂದೇ ಸಲ. ಉಳಿದಾಗೆಲ್ಲ ಕೆಳಗೆ ಬೆಂಚಿನ ಮೇಲೆ ಕೂತು, ಹತ್ತಿದವರ ಶಾಲು, ಸ್ವೆಟರು, ಮಾತ್ರೆ ಚೀಲ, ಒಮ್ಮೆ ಒಬ್ಬ ಹಿರಿಯರ ಹಲ್ಲಿನ ಸೆಟ್ಟನ್ನೂ ಕಾದಿದ್ದೇನೆ. "ಮೇಲೆ ಗಾಳಿ ಜಾಸ್ತಿಯಂತೆ, ಬಾಯಿ ಬಿಟ್ಟಾಗ ಹಾರ್ಕಂಡ್ ಹೋದ್ರೆ ಕಷ್ಟ" ಎಂದು ಅವರು ಅದನ್ನು ಕರವಸ್ತ್ರದಲ್ಲಿ ಸುತ್ತಿ ನನ್ನ ಕೈಗಿಟ್ಟು ಹೋಗಿದ್ದರು. ಟೂರ್ ಮ್ಯಾನೇಜರ್ ಕೆಲಸ ಹೇಗಿರುತ್ತದೆ ಎಂದು ಹೊಸದಾಗಿ ಸೇರುವ ಹುಡುಗ ಹುಡುಗಿಯರು ಕೇಳಿದರೆ ಮೊದಲು ಈ ಹಲ್ಲಿನ ಸೆಟ್ಟಿನ ಕತೆ ಹೇಳುತ್ತೇನೆ. ಅರ್ಧ ಜನ ಅಲ್ಲೇ ಎದ್ದು ಹೋಗುತ್ತಾರೆ. ಉಳಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮಪ್ಪ ಬಾಳ್ಳುಪೇಟೆಯಲ್ಲಿ ಜಿನಸಿ ಅಂಗಡಿ ಇಟ್ಟಿದ್ದರು. ಅಂಗಡಿ ಮುಂದೆಯೇ ಹೆದ್ದಾರಿ. ಬೆಂಗಳೂರಿನ ಕಡೆಗೊಂದು, ಮಂಗಳೂರಿನ ಕಡೆಗೊಂದು ಬಸ್ಸು, ಲಾರಿ ಹೋಗುತ್ತಲೇ ಇರುತ್ತಿದ್ದವು. ನಾನು ಬೆಲ್ಲ ತೂಗುತ್ತ ಬಸ್ಸಿನ ಬೋರ್ಡು ಓದುತ್ತಿದ್ದೆ. ತೂಕ ಯಾವಾಗಲೂ ಗಿರಾಕಿಯ ಕಡೆಗೇ ಹೆಚ್ಚಾಗುತ್ತಿತ್ತು. "ನೀನು ಇಲ್ಲಿ ಕೂತ್ರೆ ಅಂಗಡಿನೇ ಊರು ಬಿಡ್ತದೆ. ಅದರ ಬದ್ಲು ನೀನೇ ಬಿಡು" ಎಂದು ಅಪ್ಪ ನನ್ನನ್ನು ಹಾಸನದ ಒಂದು ಟ್ರಾವೆಲ್ಸ್ ಕಚೇರಿಗೆ ಸೇರಿಸಿದರು. ಮೊದಲು ಧರ್ಮಸ್ಥಳ, ಸುಬ್ರಹ್ಮಣ್ಯ. ಆಮೇಲೆ ಕಾಶಿ, ಬದರಿ. ತೊಂಬತ್ತರ ದಶಕದ ನಡುವೆ ಕಾಫಿಗೆ ಯಾರೂ ಕನಸಿನಲ್ಲೂ ಎಣಿಸದ ಬೆಲೆ ಬಂತು. ಸಕಲೇಶಪುರ, ಆಲೂರು ಕಡೆಯ ಜನ ಕಚೇರಿಗೆ ಬಂದು, "ಕಾಶಿ ಆಯ್ತಲ್ಲ, ಅದ್ರಾಚೆ ಏನೈತೆ?" ಎಂದು ಕೇಳತೊಡಗಿದರು. ನಮ್ಮ ಯಜಮಾನರು ಮಾರನೇ ದಿನವೇ ಗೋಡೆಗೆ ಒಂದು ಭೂಪಟ ತೂಗುಹಾಕಿ ವಿದೇಶ ಪ್ರವಾಸ ಶುರು ಮಾಡಿಬಿಟ್ಟರು.

ಈ ಯಜಮಾನರ ವಿಷಯ ಸ್ವಲ್ಪ ಹೇಳಬೇಕು. ಅವರು ಜೀವಮಾನದಲ್ಲಿ ವಿಮಾನ ಹತ್ತಲಿಲ್ಲ. ಹತ್ತಲು ಹೆದರಿಕೆ. ವಿಮಾನ ನಿಲ್ದಾಣದ ಬಾಗಿಲವರೆಗೆ ಬಂದು, ಎಲ್ಲರಿಗೂ ಹಾರ ಹಾಕಿ, ಕೈ ಮುಗಿದು, ನಾವು ಮತ್ತೆ ಭೂಮಿಗೆ ಇಳಿಯುವುದು ಅನುಮಾನವೇ ಎನ್ನುವ ಮುಖ ಮಾಡಿಕೊಂಡು ನಿಲ್ಲುತ್ತಿದ್ದರು. ಆದರೆ ಗಿರಾಕಿಗಳ ಮುಂದೆ ಸ್ವಿಟ್ಜರ್ಲೆಂಡನ್ನು ತಮ್ಮ ಹಿತ್ತಲ ಹಾಗೆ ವರ್ಣಿಸುತ್ತಿದ್ದರು. "ಬಸ್ ಇಳಿದ ತಕ್ಷಣ ಬಲಕ್ಕೆ ಬೆಟ್ಟ, ಎಡಕ್ಕೆ ಸರೋವರ." ನಾನು ಮೊದಲ ಸಲ ಹೋದಾಗ ನೋಡಿದರೆ ಬಲಕ್ಕೆ ಸರೋವರ, ಎಡಕ್ಕೆ ಬೆಟ್ಟ. ಜನ ನನ್ನನ್ನು ತರಾಟೆಗೆ ತೆಗೆದುಕೊಂಡರು. ಫೋನ್ ಮಾಡಿ ಹೇಳಿದೆ. ಯಜಮಾನರು ಒಂದು ಕ್ಷಣ ಯೋಚಿಸಿ, "ನೀನು ತಿರುಗಿ ನಿಂತಿರ್ಬೇಕು ಕಣೋ ಶೇಖರ" ಅಂದರು.

ಅವರು ನನಗೆ ಕೊಟ್ಟ ತರಬೇತಿ ಒಂದೇ ಸಾಲಿನದು: "ಪ್ಯಾಸೆಂಜರು ಹಸೀಬಾರ್ದು, ಅಳಬಾರ್ದು, ಕಳೀಬಾರ್ದು."

ಕಳೆಯಬಾರದು ಎನ್ನುವುದೇ ಕಷ್ಟ. ನನ್ನ ಮೊದಲ ವಿದೇಶ ಪ್ರವಾಸ ಸಿಂಗಪುರಕ್ಕೆ. ಬಾಳ್ಳುಪೇಟೆಯಲ್ಲಿ ಒಂದು ಕೆಂಪು ಟವಲು ಕೊಂಡು, ಕೋಲಿಗೆ ಕಟ್ಟಿ, ಎಲ್ಲರಿಗೂ ಹೇಳಿದ್ದೆ: "ಕೆಂಪು ಬಾವುಟದ ಹಿಂದೆನೇ ಬನ್ನಿ. ಬೇರೆ ಯಾರು ಕರೆದ್ರೂ ಹೋಗ್ಬೇಡಿ." ಬಂದರಿನ ಹತ್ತಿರ ನಾನು ಶೌಚಾಲಯಕ್ಕೆ ಹೋಗಿ ಬರುವಷ್ಟರಲ್ಲಿ ನನ್ನ ಜನ ಮಾಯ. ಓಡಾಡಿ, ವಿಚಾರಿಸಿ, ಕೊನೆಗೆ ಸಿಕ್ಕಿದ್ದು ಒಂದು ಜಪಾನೀ ಹೋಟೆಲಿನಲ್ಲಿ. ಕೆಂಪು ಬಾವುಟ ಹಿಡಿದ ಜಪಾನಿನ ಗೈಡೊಬ್ಬ ತನ್ನ ಜನರನ್ನು ಊಟಕ್ಕೆ ಕರೆದುಕೊಂಡು ಹೋಗುತ್ತಿದ್ದನಂತೆ. ನಮ್ಮವರು ನಾನು ಹೇಳಿದ್ದನ್ನು ಅಕ್ಷರಶಃ ಪಾಲಿಸಿ ಅವನ ಹಿಂದೆ ಹೋಗಿ ಸಾಲಾಗಿ ಕೂತಿದ್ದರು. ಮುಂದೆ ತಟ್ಟೆಯಲ್ಲಿ ಹಸಿ ಮೀನು. ಬೆಳಗ್ಗೆ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಬಂದಿದ್ದ ಕುಂದೂರಿನ ಅಜ್ಜಿಯೊಬ್ಬರು ಕಣ್ಣು ಮುಚ್ಚಿ ಪಂಚಾಕ್ಷರಿ ಜಪಿಸುತ್ತಿದ್ದರು. ಪಕ್ಕದವರು ನನ್ನನ್ನು ನೋಡಿ, "ಪಾಪ, ಬೇಯ್ಸೋದು ಮರ್ತವ್ರೆ, ಹೇಳೋದಾದ್ರೂ ಹೆಂಗೆ?" ಅಂದರು. ಆ ಜಪಾನಿನ ಗೈಡು ಮಾತ್ರ ತನ್ನ ಗುಂಪು ಇದ್ದಕ್ಕಿದ್ದಂತೆ ಎರಡರಷ್ಟಾದದ್ದು ಹೇಗೆಂದು ತಿಳಿಯದೆ ಮತ್ತೆ ಮತ್ತೆ ಎಣಿಸುತ್ತಿದ್ದ.

ಅವತ್ತಿನಿಂದ ಬಾವುಟ ಬಿಟ್ಟೆ. ಜಗತ್ತಿನಲ್ಲಿ ಬೇರೆ ಯಾವ ಗೈಡಿನ ಹತ್ತಿರವೂ ಇರದ ವಸ್ತು ಬೇಕು ಎಂದು ಯೋಚಿಸಿ, ನಮ್ಮ ಕೊಟ್ಟಿಗೆಯ ಹಸುವಿನ ಕೊರಳಿನಿಂದ ಗಂಟೆ ಬಿಚ್ಚಿಕೊಂಡು ಹೋದೆ. ಲಂಡನ್ನಿನ ಜನಜಂಗುಳಿಯಲ್ಲಿ ನಿಂತು ಅದನ್ನು ಅಲ್ಲಾಡಿಸಿದರೆ ಸಾಕು, ಆಲೂರು ಸೀಮೆಯವರೆಲ್ಲ ಸಂಜೆ ಮನೆಗೆ ಬರುವ ದನದ ಹಾಗೆ ಬಂದು ಸೇರುತ್ತಿದ್ದರು. ಯಜಮಾನರು ಮೆಚ್ಚಿಕೊಂಡರು. ಒಂದೆರಡು ವರ್ಷ ಗಂಟೆ ಚೆನ್ನಾಗಿಯೇ ನಡೆಯಿತು. ಅದು ಕೈಕೊಟ್ಟದ್ದು ಮಲ್ಲಪ್ಪ, ಶಿವಣ್ಣ ಬಂದ ಪ್ರವಾಸದಲ್ಲಿ.

ಮಲ್ಲಪ್ಪ ಅಣ್ಣ, ಶಿವಣ್ಣ ತಮ್ಮ. ಕುಂದೂರು ಹೋಬಳಿಯವರು. ಒಂದೇ ಬೇಲಿಯ ಆಚೆ ಒಬ್ಬರ ಮನೆ, ಈಚೆ ಒಬ್ಬರ ಮನೆ. ಇಬ್ಬರಿಗೂ ಒಂದಿಷ್ಟು ಗದ್ದೆ, ಒಂದಿಷ್ಟು ಕಾಫಿ. ಒಂದು ಸಂಜೆ ಶಿವಣ್ಣನ ತೋಟಕ್ಕೆ ಒಂಟಿ ಸಲಗ ಬಂತು. ಶಿವಣ್ಣ ಪಟಾಕಿ ಹಚ್ಚಿದರು. ಆನೆ ಹೆದರಿ ಬೇಲಿ ಮುರಿದು ಅಣ್ಣನ ಕಡೆಗೆ ನುಗ್ಗಿ, ತೆನೆ ಬಿಡುವ ಹೊತ್ತಿನ ಗದ್ದೆಯನ್ನೂ ಬಾಳೆಯನ್ನೂ ತುಳಿದು ಹಾಕಿ ಹೋಯಿತು. ಅವತ್ತಿನಿಂದ ಅಣ್ಣ ತಮ್ಮಂದಿರಿಗೆ ಮಾತಿಲ್ಲ. ವರ್ಷಗಳೇ ಕಳೆದಿದ್ದವು.

ತಮಾಷೆ ಏನೆಂದರೆ ಇವರ ಹೆಂಡತಿಯರು ಒಡಹುಟ್ಟಿದ ಅಕ್ಕ ತಂಗಿ. ಗೌರಮ್ಮ ಅಣ್ಣನ ಹೆಂಡತಿ, ಪುಟ್ಟಮ್ಮ ತಮ್ಮನ ಹೆಂಡತಿ. ಗಂಡಂದಿರು ಮಾತು ಬಿಟ್ಟ ಮೇಲೂ ಇವರು ಅದೇ ಮುರಿದ ಬೇಲಿಯ ಹತ್ತಿರ ನಿಂತು ಸಾರು ಪಲ್ಯ ಬದಲಾಯಿಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಯಜಮಾನರು ಬಾಳ್ಳುಪೇಟೆಯಲ್ಲೂ ಒಂದು ಶಾಖೆ ತೆರೆದು ನನ್ನನ್ನು ಕೂರಿಸಿದ್ದರು; ಪ್ರವಾಸದ ವಿಚಾರಕ್ಕೆ ಅಲ್ಲಿಗೆ ಬಂದವರೂ ಇವರಿಬ್ಬರೇ.

"ಶೇಖರಪ್ಪ, ನಾವು ನಾಲ್ಕು ಜನ ಬರ್ತೀವಿ" ಅಂದರು ಗೌರಮ್ಮ. "ಆದ್ರೆ ನಮ್ಮನೆಯವ್ರಿಗೆ ನಾವಿಬ್ರೇ ಅಂತ ಹೇಳು. ಅವ್ಳ ಮನೆಯವ್ರಿಗೂ ಅಂಗೇ ಹೇಳು."

"ಏರ್‌ಪೋರ್ಟಿನಲ್ಲಿ ಗೊತ್ತಾಗ್ತದಲ್ಲ ಗೌರಮ್ಮನೋರೆ?"

"ಗೊತ್ತಾಗ್ಲಿ ಬುಡು. ಅಷ್ಟೊತ್ತಿಗೆ ಹಾರ ಹಾಕಿರ್ತೀರಲ್ಲ. ಹಾರ ಹಾಕಿಸ್ಕಂಡೋನು ವಾಪಸ್ ಹೋಗಲ್ಲ."

ಹಾಗೇ ಆಯಿತು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಅಣ್ಣ ತಮ್ಮ ಎದುರಾಬದುರು ಆದರು. ಇಬ್ಬರ ಕೊರಳಲ್ಲೂ ಸೇವಂತಿಗೆ ಹಾರ. ಮಲ್ಲಪ್ಪನವರು ನನ್ನ ಹತ್ತಿರ ಬಂದು ಗುಡುಗಿದರು: "ಆ ಮನುಷ್ಯ ಯಾಕೆ ಬಂದವ್ನೆ?" ಹಿಂದೆಯೇ ಶಿವಣ್ಣ ಬಂದು, "ಅವ್ರು ಬರೋದಾದ್ರೆ ನಾನ್ಯಾಕೆ?" ಎಂದರು. ಅಷ್ಟರಲ್ಲಿ ಅಕ್ಕ ತಂಗಿ ಒಳಗೆ ಹೋಗಿಯಾಗಿತ್ತು. ಇಬ್ಬರೂ ಬೇರೆ ಬೇರೆ ಬಾಗಿಲಿನಿಂದ ಹಿಂಬಾಲಿಸಿದರು.

ಆಮೇಲೆ ನಾನು ಅವರಿಬ್ಬರ ನಡುವಿನ ಟೆಲಿಫೋನ್ ಆದೆ. ಲಂಡನ್ನಿನ ಸೇತುವೆ ಮೇಲೆ ನಿಂತು ಮಲ್ಲಪ್ಪನವರು ಹೇಳುವರು: "ಶೇಖರಪ್ಪ, ಅವ್ನಿಗೆ ಹೇಳು, ಕಿವಿಗೆ ಮಫ್ಲರ್ ಸುತ್ಕಳಕ್ಕೆ. ಚಿಕ್ಕಂದಿನಿಂದ ಶೀತದ ಮೈ ಅವಂದು." ಶಿವಣ್ಣ ಎರಡು ಮಾರು ದೂರದಲ್ಲೇ ಇರುತ್ತಿದ್ದರು. ಕೇಳಿಸಿರುತ್ತಿತ್ತು. ಆದರೂ ನಾನು ಹೋಗಿ ಹೇಳಬೇಕು. ಹೇಳಿದ ಮೇಲೆ ಅವರು, "ನನ್ನ ಕಿವಿ ಉಸಾಬರಿ ಬೇಡ ಅಂತ ಹೇಳ್ಬುಡಿ" ಎನ್ನುತ್ತ ಮಫ್ಲರ್ ಸುತ್ತಿಕೊಳ್ಳುವರು. ಪ್ಯಾರಿಸ್ಸಿನ ಗೋಪುರದ ಲಿಫ್ಟಿನಲ್ಲಿ ಇಬ್ಬರನ್ನೂ ಮುಖಕ್ಕೆ ಮುಖ ಒತ್ತಿ ತುಂಬಿದರು. ನಾನು ಮೇಲೆ ಹತ್ತಿದ ಒಂದೇ ಸಲ ಅದು. ಅವರ ನಡುವೆ ಸಂದೇಶ ಒಯ್ಯಲು ಹತ್ತಬೇಕಾಯಿತು. ತುದಿಯಿಂದ ಇಡೀ ಪ್ಯಾರಿಸ್ ಕಾಣುತ್ತಿತ್ತು. ನನ್ನ ಕಿವಿಯಲ್ಲಿ ಮಾತ್ರ ಶಿವಣ್ಣನ ದನಿ: "ಅವ್ರಿಗೆ ಹೇಳಿ, ಕಂಬಿ ಹತ್ರ ಜಾಸ್ತಿ ಬಗ್ಬಾರ್ದು ಅಂತ."

ಸ್ವಿಟ್ಜರ್ಲೆಂಡಿಗೆ ಬಂದೆವು. ಹಿಮದ ಬೆಟ್ಟ ನೋಡಿ ಇಳಿಯುವಾಗ ದಾರಿಯಲ್ಲಿ ಒಂದು ಹಸಿರು ಇಳಿಜಾರಿನಲ್ಲಿ ಬಸ್ಸು ನಿಲ್ಲಿಸಿದರು. ಜನ ಫೋಟೋ ತೆಗೆಯಲು ಚದುರಿದರು. ಹೊರಡುವ ಹೊತ್ತಿಗೆ ನಾನು ಎಂದಿನಂತೆ ಗಂಟೆ ಅಲ್ಲಾಡಿಸಿದೆ. ಯಾರೂ ಬರಲಿಲ್ಲ. ಜೋರಾಗಿ ಅಲ್ಲಾಡಿಸಿದೆ. ನಮ್ಮವರೆಲ್ಲ ನನ್ನ ಕಡೆ ಬೆನ್ನು ಮಾಡಿ ಬೇರೆ ಬೇರೆ ದಿಕ್ಕಿಗೆ ಹೊರಟಿದ್ದರು. ನೋಡಿದರೆ ಆ ಬೆಟ್ಟದ ತುಂಬ ದನ, ಒಂದೊಂದರ ಕೊರಳಿಗೂ ನನ್ನ ಗಂಟೆಯ ನಾಲ್ಕರಷ್ಟು ದೊಡ್ಡ ಗಂಟೆ. ಒಬ್ಬರು ಒಂದು ಹಸುವಿನ ಹಿಂದೆ, ಇನ್ನೊಬ್ಬರು ಇನ್ನೊಂದರ ಹಿಂದೆ. ನಾನು ಗಂಟಲು ಹರಿಯುವ ಹಾಗೆ ಕೂಗುತ್ತ ಓಡಿದೆ.

ಮಲ್ಲಪ್ಪನವರು ಮಾತ್ರ ದಾರಿ ತಪ್ಪಿರಲಿಲ್ಲ. ಬೇಕೆಂದೇ ಒಂದು ಹಸುವಿನ ಹತ್ತಿರ ಹೋಗಿದ್ದರು. ಅದರ ಕೆಚ್ಚಲು ನೋಡಿ ಅವರಿಗೆ ಬೆರಗು. ಹಸುವಿನ ಆಚೆ ಬದಿಯಲ್ಲಿ ಅದೇ ಕೆಚ್ಚಲು ನೋಡುತ್ತ ಶಿವಣ್ಣ ನಿಂತಿದ್ದರು. ಮಲ್ಲಪ್ಪನವರು ನನ್ನನ್ನು ಕಂಡು, "ಶೇಖರಪ್ಪ, ಅವ್ನಿಗೆ ಹೇಳು, ಇದು ದಿನಕ್ಕೆ ಎರಡು ಕ್ಯಾನ್ ಹಾಲು..." ಎನ್ನುತ್ತ ತಿರುಗಿದವರು ಸೆಗಣಿ ಮೇಲೆ ಕಾಲಿಟ್ಟರು. ಸರ್ರನೆ ಜಾರಿ ಇಳಿಜಾರಿನಲ್ಲಿ ಅಷ್ಟು ದೂರ ಹೋಗಿ ಬೇಲಿಗೆ ತಗಲಿ ನಿಂತರು. ಹಿಮದ ಮೇಲೆ ಬೆಳಗ್ಗೆಯೆಲ್ಲ ಓಡಾಡಿ ಏನೂ ಆಗದ ಮನುಷ್ಯ, ಊರಲ್ಲಿ ದಿನಾ ತುಳಿಯುವ ವಸ್ತುವನ್ನು ಸಮುದ್ರ ದಾಟಿ ಬಂದು ತುಳಿದು ಬಿದ್ದಿದ್ದರು.

ಎಡಗಾಲು ಮೊಣಕಾಲಿನ ಕೆಳಗೆ ತಿರುಚಿಕೊಂಡಿತ್ತು. ಅವರ ಮುಖ ಬಿಳಿಚಿತ್ತು. ನನಗಿಂತ ಮೊದಲು ಶಿವಣ್ಣ ಅಲ್ಲಿದ್ದರು. ಬಗ್ಗಿ, ಅಣ್ಣನ ಎರಡೂ ಕೈಯನ್ನು ತಮ್ಮ ಹೆಗಲ ಮೇಲೆ ಎಳೆದುಕೊಂಡು, ಬೆನ್ನ ಮೇಲೆ ಹೊತ್ತು, ರಸ್ತೆಯ ಕಡೆ ನಡೆಯತೊಡಗಿದರು. ಮಲ್ಲಪ್ಪನವರು ಸಣ್ಣ ಆಳಲ್ಲ. ತಮ್ಮನ ಬೆನ್ನ ಮೇಲಿಂದಲೇ ಅವರು ನರಳುತ್ತ ನನ್ನ ಕಡೆ ತಿರುಗಿದರು.

"ಶೇಖರಪ್ಪ... ಸ್ವಲ್ಪ ನಿಧಾನ ನಡಿಯಕ್ಕೆ ಹೇಳು."

ಶಿವಣ್ಣ ಏದುಸಿರು ಬಿಡುತ್ತ ಅಂದರು: "ಶೇಖರಪ್ನೋರೆ, ಕತ್ತು ಅಷ್ಟು ಬಿಗಿಯಾಗಿ ಹಿಡ್ಕಬೇಡಿ ಅಂತ ಹೇಳಿ."

ಕೆಳಗಿನ ಊರಿನಲ್ಲಿ ಒಂದು ಸಣ್ಣ ಆಸ್ಪತ್ರೆ. ಡಾಕ್ಟರು ಚಿತ್ರ ತೆಗೆದು ನೋಡಿ, ಮೂಳೆ ಮುರಿದಿದೆ, ಕಟ್ಟು ಹಾಕಿ ಕೆಲವು ದಿನ ಇಲ್ಲೇ ಮಲಗಿಸಬೇಕು ಎಂದರು. ವಿಮೆ ಇತ್ತು, ಖರ್ಚಿನ ಚಿಂತೆ ಇರಲಿಲ್ಲ. ಚಿಂತೆ ಬೇರೆ. ಗುಂಪು ಮಾರನೇ ಬೆಳಗ್ಗೆ ಇಟಲಿಗೆ ಹೊರಡಬೇಕು. ಅಲ್ಲಿ ಸುತ್ತಿ, ಇದೇ ದಾರಿಯಲ್ಲಿ ವಾಪಸು ಬಂದು, ಇಲ್ಲಿಂದ ವಿಮಾನ. ನಾನು ಗುಂಪು ಬಿಟ್ಟು ನಿಲ್ಲುವ ಹಾಗಿಲ್ಲ. ಭಾಷೆ ಬಾರದ ಊರಿನಲ್ಲಿ ಮಲ್ಲಪ್ಪನವರನ್ನು ಒಬ್ಬರೇ ಬಿಡುವ ಹಾಗೂ ಇಲ್ಲ. ಯಜಮಾನರಿಗೆ ಫೋನ್ ಮಾಡಿದೆ.

"ಯಾವ ಕಾಲು?" ಅಂದರು.

"ಎಡಗಾಲು."

"ಸದ್ಯ" ಎಂದು ನಿಟ್ಟುಸಿರು ಬಿಟ್ಟು ಫೋನ್ ಇಟ್ಟರು. ಬಲಗಾಲಾಗಿದ್ದರೆ ಏನಾಗುತ್ತಿತ್ತೋ, ಇವತ್ತಿಗೂ ನನಗೆ ಗೊತ್ತಿಲ್ಲ.

ನೀವು ಈ ಕೆಲಸಕ್ಕೆ ಬಂದರೆ ಇಂಥ ಗಳಿಗೆ ಒಂದಲ್ಲ ಒಂದು ದಿನ ಬರುತ್ತದೆ. ಫೋನಿನ ಆಚೆ ತುದಿಯಲ್ಲಿ ಯಾರೂ ಸಹಾಯಕ್ಕೆ ಇರುವುದಿಲ್ಲ. ಬಸ್ಸಿನ ತುಂಬ ಜನ ನಿಮ್ಮ ಮುಖವನ್ನೇ ನೋಡುತ್ತಿರುತ್ತಾರೆ. ನಾನು ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತು, ಗೌರಮ್ಮನವರನ್ನು ಇಲ್ಲೇ ಉಳಿಸಿ ಹೋಗಬೇಕಾಗುತ್ತದಲ್ಲ, ಪಾಪ, ಹೇಗೆ ಹೇಳಲಿ ಎಂದು ಪದ ಹುಡುಕುತ್ತಿದ್ದೆ. ಅವರೇ ಬಂದರು, ಹಿಂದೆ ಪುಟ್ಟಮ್ಮ.

"ಶೇಖರಪ್ಪ, ನಾವಿಬ್ರೂ ನಾಳೆ ಇಟಲಿಗೆ ಬರ್ತೀವಿ."

"ಮತ್ತೆ ಮಲ್ಲಪ್ಪನೋರು?"

"ತಮ್ಮ ಅವ್ನಲ್ಲ, ನೋಡ್ಕತಾನೆ."

"ಗೌರಮ್ಮನೋರೆ, ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲ್ಲ. ನೀರು ಬೇಕು ಅಂದ್ರೂ ಕೇಳಲ್ಲ."

"ಬಾಯಾರ್ಲಿ" ಅಂದರು ಗೌರಮ್ಮ. ಕೋಣೆಯ ಬಾಗಿಲ ಕಡೆ ಒಮ್ಮೆ ನೋಡಿ ಮತ್ತೆ ಮಾತಾಡಿದರು. ಈ ಸಲ ದನಿ ಸಣ್ಣದಾಗಿತ್ತು. "ನಮ್ಮ ಮಾವ ಸತ್ತಾಗ ಶಿವಣ್ಣ ಇನ್ನೂ ಮಗು. ಇವ್ರೇ ಬೆನ್ನ ಮೇಲೆ ಹೊತ್ಕಂಡು ಕುಂದೂರು ಸ್ಕೂಲಿಗೆ ಬುಟ್ಟು ಬರೋರು. ಹಳ್ಳ ತುಂಬಿದ್ರೆ ತಲೆ ಮೇಲೆ. ಇವತ್ತು ಅವ್ನು ಹೊತ್ನಲ್ಲ, ಇವ್ರು ಅವ್ನ ಹೆಗಲ ಮೇಲೆ ಮುಖ ಇಟ್ಟಿದ್ರು, ನೀನು ನೋಡ್ಲಿಲ್ಲ. ನಾನು ನೋಡ್ದೆ. ಈಗ ನಾನು ಮಧ್ಯ ನಿಂತ್ರೆ ಎಲ್ಲಾ ನನ್ನ ಕೈಲೇ ಕೇಳ್ತಾರೆ. ನೀನು ನಿಂತ್ರೆ ನಿನ್ನ ಕೈಲಿ. ಯಾರೂ ಇರ್ಬಾರ್ದು ಕಣಪ್ಪ. ಕನ್ನಡ ಬರೋ ಒಂದು ನರಪಿಳ್ಳೆನೂ ಇರ್ಬಾರ್ದು."

ಶಿವಣ್ಣನಿಗೆ ವಿಷಯ ತಿಳಿಸಿದಾಗ ಅವರು ಕೂಗಾಡಲಿಲ್ಲ. ಗೋಡೆ ನೋಡುತ್ತ, "ಅವ್ರಿಗೆ ರಾತ್ರಿ ಹೊತ್ತು ಬೆನ್ನಿಗೆ ಎರಡು ದಿಂಬು ಬೇಕು, ಈ ನರ್ಸಮ್ಮಂಗೆ ಹೇಳಿ ಹೋಗಿ" ಅಂದರು. ಅದೇ ಕೋಣೆಯಲ್ಲಿ ಅವರಿಗೂ ಒಂದು ಮಂಚ ಹಾಕಿಸಿದೆ. ಬೆಳಗ್ಗೆ ನಾವು ಹೊರಟಾಗ ಅಣ್ಣ ಕಿಟಕಿಯ ಕಡೆ, ತಮ್ಮ ಬಾಗಿಲ ಕಡೆ ಮುಖ ಮಾಡಿ ಮಲಗಿದ್ದರು.

ವೆನಿಸ್ ನಗರ ಹೇಗಿದೆ ಎಂದು ಕೇಳಿದರೆ ನನಗೆ ನೆನಪಿರುವುದು ಟೆಲಿಫೋನ್ ಬೂತುಗಳು. ನೀರೇ ಬೀದಿ, ದೋಣಿಯೇ ಬಸ್ಸು. ಜನ ಹುಚ್ಚು ಹಿಡಿದವರ ಹಾಗೆ ನೋಡುತ್ತಿದ್ದರೆ ನಾನು ಎಲ್ಲಿ ಬೂತು ಕಂಡರೂ ನುಗ್ಗಿ ಆಸ್ಪತ್ರೆಗೆ ಫೋನ್ ಮಾಡುತ್ತಿದ್ದೆ. ಮೊದಲ ದಿನ ನರ್ಸು ತನಗೆ ಬರುವ ಅರೆಬರೆ ಇಂಗ್ಲಿಷಿನಲ್ಲಿ, "ಇಬ್ಬರೂ ತುಂಬ ಶಾಂತ. ಇಷ್ಟು ಶಾಂತ ರೋಗಿಗಳನ್ನು ನಾವು ಕಂಡೇ ಇಲ್ಲ" ಎಂದಳು. ಅಂದರೆ ಇನ್ನೂ ಒಬ್ಬರಿಗೊಬ್ಬರು ಮಾತಾಡಿಲ್ಲ. ಗೌರಮ್ಮನವರಿಗೆ ಹೇಳಿದೆ. ಅವರು ದೋಣಿಯಲ್ಲಿ ಕೂತು ಸೆರಗಿನಿಂದ ಕಣ್ಣು ಒರೆಸಿಕೊಂಡರು. "ನಾನೇ ತಪ್ಪು ಮಾಡಿದ್ನೇನೋ. ಅನ್ನ ಸಾರು ಇಲ್ಲ, ಮಾತಾಡೋರಿಲ್ಲ. ಅವ್ರು ಹಸ್ಕೊಂಡೇ ಮಲಗಿರ್ತಾರೆ ಕಣೆ ಪುಟ್ಟಿ" ಎಂದು ತಂಗಿಯ ಕೈ ಹಿಡಿದರು. ದೋಣಿ ನಡೆಸುವವನು ಅವರ ದುಃಖ ಕಂಡು ಒಂದು ಹಾಡು ಶುರು ಮಾಡಿದ. "ಅವ್ನಿಗೆ ಸುಮ್ನಿರಕ್ಕೆ ಹೇಳು" ಎಂದರು ಪುಟ್ಟಮ್ಮ.

ಮಾರನೇ ಮಧ್ಯಾಹ್ನ ಮತ್ತೆ ಫೋನ್ ಮಾಡಿದೆ. ಈ ಸಲ ನರ್ಸಿನ ದನಿಯೇ ಬೇರೆ.

"ನಿಮ್ಮ ಇಬ್ಬರು ಮುದುಕರು ಬೆಳಗ್ಗೆಯಿಂದ ಕೂಗಾಡುತ್ತಿದ್ದಾರೆ. ಏನು ಹೇಳುತ್ತಿದ್ದಾರೋ ತಿಳಿಯುತ್ತಿಲ್ಲ. ಪಕ್ಕದ ಕೋಣೆಯವರು ದೂರು ಕೊಟ್ಟಿದ್ದಾರೆ."

"ಯಾರು ಕೂಗಾಡುತ್ತಿರುವುದು?"

"ಇಬ್ಬರೂ."

"ಯಾರ ಮೇಲೆ?"

"ಒಬ್ಬರ ಮೇಲೆ ಒಬ್ಬರು! ಬೇರೆ ಬೇರೆ ಕೋಣೆಗೆ ಹಾಕಲು ಹೋದರೆ ಇಬ್ಬರೂ ಸೇರಿ ನಮ್ಮ ಮೇಲೆ ಕೂಗಾಡಿದರು. ಏನು ಮಾಡಬೇಕು?"

"ಏನೂ ಮಾಡಬೇಡಿ ತಾಯಿ" ಎಂದು ಇಂಗ್ಲಿಷ್ ಮರೆತು ಕನ್ನಡದಲ್ಲೇ ಹೇಳಿಬಿಟ್ಟೆ.

ಬೂತಿನ ಹೊರಗೆ ಅಕ್ಕ ತಂಗಿ ಕಾಯುತ್ತ ನಿಂತಿದ್ದರು. "ಜಗಳ ಆಡ್ತಾ ಅವ್ರಂತೆ" ಅಂದೆ. ಗೌರಮ್ಮ ಎರಡೂ ಕೈ ಎತ್ತಿ ಮೇಲೆ ನೋಡಿ ಮುಗಿದರು. ಆಮೇಲೆ ನಗಲು ಶುರು ಮಾಡಿದರು. ಆ ಚೌಕದಲ್ಲಿದ್ದ ಪಾರಿವಾಳಗಳೆಲ್ಲ ಒಟ್ಟಿಗೆ ಹಾರಿಹೋದವು. ಮಧ್ಯಾಹ್ನದಿಂದ ಸಂಜೆಯವರೆಗೆ ಇಬ್ಬರೂ ವೆನಿಸ್ಸನ್ನು ಮನಸಾರೆ ನೋಡಿ, ಬಣ್ಣದ ಗಾಜಿನ ಸರ ಕೊಂಡು, ಎರಡೆರಡು ಐಸ್ ಕ್ರೀಂ ತಿಂದರು.

ಇಟಲಿ ಮುಗಿಸಿ ಆಸ್ಪತ್ರೆಗೆ ವಾಪಸು ಬಂದಾಗ ದನಿ ಮೆಟ್ಟಿಲ ಹತ್ತಿರಕ್ಕೇ ಕೇಳುತ್ತಿತ್ತು. ಕೋಣೆಯ ಬಾಗಿಲ ಬಳಿ ನಾವು ಮೂವರೂ ನಿಂತೆವು. ಕಿಟಕಿಗೆ ಶಿವಣ್ಣನ ಪಂಚೆ ಒಣಹಾಕಿತ್ತು. ಮಲ್ಲಪ್ಪನವರ ಕಟ್ಟು ಹಾಕಿದ ಕಾಲು ದಿಂಬಿನ ಮೇಲೆ. ತಮ್ಮ ಅದೇ ಮಂಚದ ತುದಿಯಲ್ಲಿ ಕೂತಿದ್ದರು.

"ಆನೆಗೆ ನಾನು ಅಡ್ರೆಸ್ ಕೊಟ್ಟಿದ್ನೇನಣ್ಣ? ಮಲ್ಲಪ್ಪನ ಗದ್ದೆಗೇ ಹೋಗು ಅಂದಿದ್ನಾ?"

"ಪಟಾಕಿ ಯಾವ ಕಡೆಯಿಂದ ಹಚ್ದೆ, ಅದನ್ನ ಹೇಳು! ಪಡುವಲಿಂದ ಹಚ್ಚಿದ್ರೆ ಅದು ಮೂಡಲಿಗೆ ಬರದೆ ಎಲ್ಲಿಗೆ ಹೋಯ್ತದೆ?"

"ಮತ್ತೆ ಆನೆ ಮುಂದೆ ನಿಂತು ಹಚ್ಬೇಕಿತ್ತಾ?"

"ಆನೆ ಮನೆ ಹಾಳಾಗ್ಲಿ! ಬೆಳಗ್ಗೆ ಬಂದು ಒಂದು ಮಾತು ಕೇಳ್ಬೌದಿತ್ತಲ್ಲ ನೀನು? ಅಣ್ಣ, ಏನಾಯ್ತು, ಎಷ್ಟು ಹೋಯ್ತು ಅಂತ. ಒಂದು ಮಾತು."

"ಬಂದಿದ್ದೆ" ಅಂದರು ಶಿವಣ್ಣ. "ಬೇಲಿ ತನಕ ಬಂದಿದ್ದೆ. ನೀನು ಮಚ್ಚು ಹಿಡ್ಕಂಡು ನಿಂತಿದ್ದೆ. ನನ್ನ ನೋಡ್ದೆ. ಮಚ್ಚು ಎತ್ದೆ. ನಾನು ವಾಪಸ್ ಹೋಗ್ಬುಟ್ಟೆ."

ಮಲ್ಲಪ್ಪನವರು ದಿಂಬಿಗೆ ಒರಗಿದರು. ಆಮೇಲೆ ನಿಧಾನವಾಗಿ ಹೇಳಿದರು: "ಬಾಳೆ ಕಡೀತಿದ್ದೆ ಕಣೋ ಮಂಕೆ. ಮುರಿದು ಬಿದ್ದಿದ್ದ ಬಾಳೆ. ಬಾಳೆ ಕಡಿಯೋನು ಮಚ್ಚು ಎತ್ದೆ ಇರ್ತಾನಾ?"

ನನ್ನ ಪಕ್ಕದಲ್ಲಿ ಗೌರಮ್ಮನವರು ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಶಿವಣ್ಣ ತಲೆ ತಗ್ಗಿಸಿ ಅಣ್ಣನ ಕಟ್ಟಿನ ಮೇಲೆ ಬೆರಳಿಟ್ಟು ಸವರುತ್ತ ಕೂತರು. "ಅಂಗಂತ ಅವತ್ತೇ ಕೂಗಿ ಹೇಳ್ಬೇಕಿತ್ತು" ಅಂದರು.

"ನೀನು ಓಡೋದ್ಯಲ್ಲ!"

"ಓಡ್ಲಿಲ್ಲ, ನಡ್ಕಂಡ್ ಹೋದೆ!"

"ಓಡ್ದೆ! ನಾನೇ ನೋಡ್ದೆ!"

ಮತ್ತೆ ಶುರುವಾಯಿತು. ನರ್ಸು ಚಹಾ ತಂದಳು. ಇಬ್ಬರೂ ನಿಲ್ಲಿಸಿ, ನಕ್ಕು, "ಥ್ಯಾಂಕ್ಸ್ ಅಮ್ಮ" ಅಂದು, ಅವಳು ಬಾಗಿಲು ದಾಟುವ ಮೊದಲೇ ಬಿಟ್ಟಲ್ಲಿಂದ ಮುಂದುವರಿಸಿದರು.

ಮೊದಲ ಮಾತು ಯಾರಾಡಿದ್ದು ಎಂದು ವಿಮಾನದಲ್ಲಿ ಶಿವಣ್ಣನನ್ನು ಕೇಳಿದೆ. ಆಸ್ಪತ್ರೆಯವರು ಊಟ ತಂದಿಟ್ಟಿದ್ದರಂತೆ. ಅದರಲ್ಲಿ ಮಾಂಸ ಇರಬಹುದು ಎಂಬ ಅನುಮಾನದಲ್ಲಿ ಮಲ್ಲಪ್ಪನವರು ಇಡೀ ದಿನ ಮುಟ್ಟಲಿಲ್ಲ. ರಾತ್ರಿಯೂ ಹಾಗೇ. ಬೆಳಗ್ಗೆಯೂ ಅದೇ ತಟ್ಟೆ ಬಂದಾಗ ಶಿವಣ್ಣ ತಡೆಯಲಾರದೆ ಎದ್ದು ಹೋಗಿ, ಚಮಚದಲ್ಲಿ ಕೆದಕಿ, ಮೂಸಿ, ಒಂದು ಚೂರು ತಾವೇ ಬಾಯಿಗೆ ಹಾಕಿಕೊಂಡು ನೋಡಿದರು.

"ಬರೀ ಆಲೂಗೆಡ್ಡೆ. ತಿನ್ನು" ಅಂದರಂತೆ.

ಮಲ್ಲಪ್ಪನವರು ತಿಂದು, ನುಂಗಿ, "ಉಪ್ಪಿಲ್ಲ" ಅಂದರಂತೆ.

ಅಷ್ಟೇ. ಅಷ್ಟು ವರ್ಷಗಳ ಮೌನ ಮುರಿದದ್ದು ಉಪ್ಪಿಲ್ಲದ ಆಲೂಗೆಡ್ಡೆಯ ಮೇಲೆ.

ಆಮೇಲೆ ನಾನು ಇನ್ನೂ ಎಷ್ಟೋ ವರ್ಷ ಈ ಕೆಲಸ ಮಾಡಿದೆ. ಈಜಿಪ್ಟು, ಚೀನಾ, ಅಮೆರಿಕ ಎಲ್ಲ ಆಯಿತು. ಗಂಟೆ ಹೋಗಿ ಮೈಕು ಬಂತು; ಮೈಕು ಹೋಗಿ ಪ್ರತಿಯೊಬ್ಬರ ಕಿವಿಗೂ ಸಿಕ್ಕಿಸುವ ಯಂತ್ರ ಬಂತು. ಈಗ ಗೈಡು ಪಿಸುಗುಟ್ಟಿದರೂ ಎಲ್ಲರಿಗೂ ಕೇಳುತ್ತದೆ, ಆದ್ದರಿಂದ ಯಾರೂ ಕೇಳಿಸಿಕೊಳ್ಳುವುದಿಲ್ಲ. ರೀಲು ಕ್ಯಾಮೆರಾ ಇದ್ದಾಗ ಜನ ಒಂದು ಬೆಟ್ಟಕ್ಕೆ ಒಂದೇ ಫೋಟೋ ತೆಗೆದು ಉಳಿದ ಹೊತ್ತು ಬೆಟ್ಟ ನೋಡುತ್ತಿದ್ದರು. ಫೋನ್ ಕಿಸೆಗೆ ಬಂದ ಮೇಲೆ ಊರಿನ ಜಗಳವೂ ಜೊತೆಯಲ್ಲೇ ಬರುತ್ತದೆ. ಹಿಮದ ಬೆಟ್ಟದ ತುದಿಯಲ್ಲಿ ನಿಂತು ಮನೆಯಲ್ಲಿ ಮೋಟಾರು ಆಫ್ ಮಾಡಿದ್ದಾರಾ ಎಂದು ಕೂಗುವವರನ್ನು ನಾನು ಕಂಡಿದ್ದೇನೆ. ಯಾವುದು ಒಳ್ಳೆಯದು ಎಂದು ಹೇಳಲಾರೆ. ಒಂದನ್ನು ಮಾತ್ರ ಹೇಳುತ್ತೇನೆ: ಜನ ನಿಮ್ಮ ಹತ್ತಿರ ಟಿಕೆಟ್ ಕೊಳ್ಳುವಾಗ ಯಾವ ಊರು ನೋಡಬೇಕು ಎನ್ನುತ್ತಾರೆ. ಯಾಕೆ ಹೊರಟಿದ್ದಾರೆ ಎನ್ನುವುದನ್ನು ಹೇಳುವುದಿಲ್ಲ. ಅದು ಗೊತ್ತಾಗುವವರೆಗೆ ಅವರ ಸ್ವೆಟರು ಹಿಡಿದುಕೊಂಡು ಕಾಯಬೇಕು.

ಗೌರಮ್ಮ, ಪುಟ್ಟಮ್ಮ ಆ ಪ್ರವಾಸದ ಮುಂದಿನ ವರ್ಷವೇ ಮತ್ತೆ ನಮ್ಮ ಶಾಖೆಗೆ ಬಂದರು. "ಸಿಂಗಪುರಕ್ಕೆ. ನಾವಿಬ್ರೇ" ಅಂದರು ಗೌರಮ್ಮ.

"ಯಜಮಾನ್ರುಗಳು?"

"ಅವ್ರನ್ನ ಎಲ್ಲಿಗಪ್ಪ ಕರ್ಕಂಡ್ ಹೋಗೋದು? ಮುಂಚೆ ಎಷ್ಟು ತಣ್ಣಗಿತ್ತು ಗೊತ್ತಾ ಮನೆ? ಈಗ ಬೆಳಗಾಯ್ತು ಅಂದ್ರೆ ಇವ್ರು ಅಲ್ಲಿಗೆ, ಅವ್ನು ಇಲ್ಲಿಗೆ. ಒಬ್ರ ಕಾಫಿ ಇನ್ನೊಬ್ರಿಗೆ ಸರಿ ಇರಲ್ಲ, ಒಬ್ರು ಉತ್ತಿದ್ದು ಇನ್ನೊಬ್ರಿಗೆ ಸರಿ ಇರಲ್ಲ. ಕಿವಿ ತೂತು ಬಿದ್ದದೆ ಕಣಪ್ಪ ನಮ್ಗೆ. ಒಂದು ವಾರ ನೆಮ್ಮದಿ ಬೇಕು."

ಹೊರಡುವ ಬೆಳಗ್ಗೆ ಬಾಳ್ಳುಪೇಟೆಯ ರಸ್ತೆ ಬದಿಗೆ ಬಸ್ಸು ಬಂದು ನಿಂತಿತು. ಹೆಂಡತಿಯರನ್ನು ಕಳಿಸಲು ಅಣ್ಣ ತಮ್ಮ ಇಬ್ಬರೂ ಬಂದಿದ್ದರು. ಮಲ್ಲಪ್ಪನವರು ಸ್ವಲ್ಪ ಕುಂಟುತ್ತಿದ್ದರು. ದೊಡ್ಡ ಚೀಲವನ್ನು ಬಸ್ಸಿನ ಮೇಲೆ ಕಟ್ಟಬೇಕೋ ಒಳಗೆ ಸೀಟಿನ ಕೆಳಗೆ ಇಡಬೇಕೋ ಎಂದು ಇಬ್ಬರಿಗೂ ವಾದ ಹತ್ತಿತು. ಒಬ್ಬರು ಮೇಲೆ ಎನ್ನುವುದು, ಇನ್ನೊಬ್ಬರು ಮಳೆ ಬಂದರೆ ಎನ್ನುವುದು. ಒಬ್ಬರು ಬಿಸಿಲೈತೆ ಎನ್ನುವುದು, ಇನ್ನೊಬ್ಬರು ಮೋಡ ನೋಡು ಎನ್ನುವುದು. ಟೀ ಅಂಗಡಿಯವನು ಲೋಟ ತೊಳೆಯುವುದು ಬಿಟ್ಟು ನೋಡುತ್ತಿದ್ದ. ನಾನು ಸದ್ದಿಲ್ಲದೆ ಚೀಲ ಒಳಗೆ ಎಳೆದುಕೊಂಡು ಬಾಗಿಲು ಹಾಕಿದೆ.

ಕಿಟಕಿಯ ಸೀಟಿನಲ್ಲಿ ಕಾಲು ಚಾಚಿ ಕೂತ ಗೌರಮ್ಮನವರು ಡ್ರೈವರಿಗೆ ಕೇಳುವ ಹಾಗೆ, "ಬುಡಪ್ಪ ಬೇಗ" ಅಂದರು.

ಬಸ್ಸು ಹೊರಟಿತು. ಹಿಂದಿನ ಗಾಜಿನಲ್ಲಿ ನೋಡಿದೆ. ಮಲ್ಲಪ್ಪನವರು ಆಕಾಶಕ್ಕೆ ಕೈ ತೋರಿಸುತ್ತಿದ್ದರು. ಶಿವಣ್ಣ ತಲೆ ಅಲ್ಲಾಡಿಸುತ್ತಿದ್ದರು. ಬಸ್ಸು ಹೋದದ್ದು ಇಬ್ಬರಿಗೂ ಗೊತ್ತಾಗಿರಲಿಲ್ಲ.